ಬುಲೆಟ್ಟಿಗೆ ಮನೆಯಲ್ಲೇ ಕಟ್ಟಿದ ಲಿಥಿಯಂ ಬ್ಯಾಟರಿ: ಎರಡು ಮಳೆಗಾಲ ಕಳೆದ ಮೇಲೊಂದು ವಿಮರ್ಶೆ

ಆಲ್ದೂರಿನ ನಮ್ಮ ಮನೆಯಿಂದ ಚಿಕ್ಕಮಗಳೂರಿಗೆ ವಾರಕ್ಕೆ ಮೂರು ದಿನವಾದರೂ ಓಡಾಡುವ ನನ್ನ 2014ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕು ಕಳೆದ ಹದಿನೆಂಟು ತಿಂಗಳಿಂದ ನಾನೇ ಕಟ್ಟಿದ ಲಿಥಿಯಂ ಬ್ಯಾಟರಿಯಿಂದ ಸ್ಟಾರ್ಟ್ ಆಗುತ್ತಿದೆ. ಮೇ ತಿಂಗಳಲ್ಲಿ ಕೂರಿಸಿದ ಈ ಬ್ಯಾಟರಿ ಮಲೆನಾಡಿನ ಎರಡು ಮಳೆಗಾಲಗಳನ್ನೂ ಒಂದು ಚಳಿಗಾಲವನ್ನೂ ಕಂಡಿದೆ. ಇದು ಒಳ್ಳೆಯ ಬ್ಯಾಟರಿ, ನಾನು ಮತ್ತೆ ಸೀಸದ ಬ್ಯಾಟರಿಗೆ ಹಿಂತಿರುಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಕಟ್ಟಲು ಹೊರಟವರೆಲ್ಲ ಸೆಲ್ಲಿನ ಬ್ರ್ಯಾಂಡು, ಸೆಲ್ಲಿನ ಎ.ಎಚ್. (ಆಂಪಿಯರ್-ಅವರ್, ಅಂದರೆ ಅದು ಹಿಡಿದಿಡುವ ಚಾರ್ಜಿನ ಅಳತೆ) ಎಂದು ಹುಡುಕುತ್ತ ಕೂರುತ್ತಾರೆ. ಬೈಕ್ ಸ್ಟಾರ್ಟ್ ಆಗುವುದೂ ಆಗದಿರುವುದೂ ಸೆಲ್ಲುಗಳ ನಡುವಿನ ಜಾಯಿಂಟುಗಳಲ್ಲಿ ತೀರ್ಮಾನವಾಗುತ್ತದೆ ಎಂಬುದು ಎರಡು ಬಾರಿ ಬ್ಯಾಟರಿ ಕಟ್ಟಿದ ಮೇಲೆ ನನಗೆ ಖಚಿತವಾಯಿತು. ಈ ವಿಮರ್ಶೆ ಮುಖ್ಯವಾಗಿ ಆ ಕುರಿತಾಗಿಯೇ ಇದೆ.

ಈ ಕೆಲಸಕ್ಕೆ ಕೈಹಾಕಲು ಕಾರಣವಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬೈಕು ಒಮ್ಮೊಮ್ಮೆ ಎರಡು, ಮೂರು ವಾರ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲೇ ನಿಲ್ಲುತ್ತದೆ. ಸೀಸದ ಬ್ಯಾಟರಿ ಅರ್ಧ ಖಾಲಿಯಾಗಿ ಹಾಗೆಯೇ ನಿಂತರೆ ಅದರ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಳೆಯ ಬಲ ಬರುವುದಿಲ್ಲ. ಆರು ವರ್ಷಗಳಲ್ಲಿ ಹೀಗೆ ಮೂರು ಬ್ಯಾಟರಿಗಳು ಹೋದವು. ಅದಕ್ಕಿಂತ ದೊಡ್ಡ ನಷ್ಟ ಸ್ಪ್ರ್ಯಾಗ್ ಕ್ಲಚ್ಚಿನದು, ಅಂದರೆ ಸೆಲ್ಫ್ ಮೋಟಾರಿನ ತಿರುಗುವಿಕೆಯನ್ನು ಒಂದೇ ದಿಕ್ಕಿನಲ್ಲಿ ಇಂಜಿನ್ನಿಗೆ ದಾಟಿಸುವ ಬಿಡಿಭಾಗದ್ದು. ಈ 346 ಸಿ.ಸಿ. ಇಂಜಿನ್ನಿನಲ್ಲಿ ಬ್ಯಾಟರಿ ಸೊರಗಿರುವಾಗ ಸೆಲ್ಫ್ ಪದೇ ಪದೇ ಒತ್ತಿದರೆ, ಪಿಸ್ಟನ್ ಕಂಪ್ರೆಷನ್ ದಾಟಲಾಗದೆ ಹಿಂದಕ್ಕೆ ಒದೆಯುತ್ತದೆ, ಆ ಒದೆತವನ್ನು ತಡೆದುಕೊಳ್ಳಬೇಕಾದದ್ದು ಸ್ಪ್ರ್ಯಾಗ್ ಕ್ಲಚ್. ನನ್ನದು ಒಂದು ಆಗಸ್ಟ್ ಬೆಳಿಗ್ಗೆ ಹಾಗೆಯೇ ಮುರಿಯಿತು. ಬಿಚ್ಚಿ ತೋರಿಸಿದ ಗ್ಯಾರೇಜ್ ಮೇಸ್ತ್ರಿ ಅಂದು ಹೇಳಿದ ಮಾತು ಈ ಇಡೀ ಕೆಲಸಕ್ಕೆ ದಾರಿ ತೋರಿಸಿತು: “ಸಾರ್, ಮೀಟರಲ್ಲಿ ಹನ್ನೆರಡೂವರೆ ವೋಲ್ಟ್ ಬಂತು ಅಂತ ನಂಬ್ಕೊಂಡು ಕೂರಬೇಡಿ. ಸೆಲ್ಫ್ ಒತ್ತಿದಾಗ ಎಷ್ಟಕ್ಕೆ ಇಳಿಯುತ್ತೆ ಅಂತ ನೋಡಿ.”

ಲಿಥಿಯಂ ಎಂದರೆ ಒಂದೇ ವಸ್ತುವಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು, ಏಕೆಂದರೆ ಅಪಾಯವಿರುವುದು ಇಲ್ಲೇ. ಲ್ಯಾಪ್‌ಟಾಪ್ ಮತ್ತು ಪವರ್ ಬ್ಯಾಂಕುಗಳಿಂದ ಬಿಚ್ಚಿದ ಸಾಮಾನ್ಯ ಲಿಥಿಯಂ ಅಯಾನ್ ಸೆಲ್ಲಿನ ಗರಿಷ್ಠ ಮಿತಿ 4.2 ವೋಲ್ಟ್. ಮೂರನ್ನು ಸರಣಿಯಲ್ಲಿ ಜೋಡಿಸಿದರೆ 12.6 ವೋಲ್ಟ್ ಆಗುತ್ತದೆ, ನೋಡಲು ಸರಿಯಾಗಿಯೇ ಕಾಣುತ್ತದೆ. ಆದರೆ ಚಾರ್ಜಿಂಗ್ ವೋಲ್ಟೇಜನ್ನು ಹಿಡಿತದಲ್ಲಿಡುವ ಬೈಕಿನ ರೆಗ್ಯುಲೇಟರ್ 14.4 ವೋಲ್ಟಿನವರೆಗೆ ತಳ್ಳುತ್ತದೆ, ಅಂದರೆ ಪ್ರತಿ ಸೆಲ್ಲಿಗೆ 4.8 ವೋಲ್ಟ್. ಅದು ಬೆಂಕಿಗೆ ಕೊಡುವ ಆಹ್ವಾನ. ನಾಲ್ಕನ್ನು ಜೋಡಿಸಿದರೆ ಪೂರ್ತಿ ಚಾರ್ಜಿಗೆ 16.8 ವೋಲ್ಟ್ ಬೇಕು, ಅದನ್ನು ಬೈಕು ಎಂದಿಗೂ ಕೊಡುವುದಿಲ್ಲ. ನಾನು ಬಳಸಿದ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲಿನ ಲೆಕ್ಕವೇ ಬೇರೆ: ಸಾಧಾರಣ ವೋಲ್ಟೇಜ್ 3.2, ಗರಿಷ್ಠ 3.65. ನಾಲ್ಕು ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ 12.8 ಮತ್ತು 14.6 ವೋಲ್ಟ್, ಬೈಕಿನ ಚಾರ್ಜಿಂಗ್ ವ್ಯವಸ್ಥೆಗೆ ಅಳತೆ ತೆಗೆದು ಹೊಲಿಸಿದಂತೆ ಹೊಂದುತ್ತದೆ. ಇದರ ರಚನೆಯಲ್ಲಿ ಆಮ್ಲಜನಕವು ರಂಜಕದೊಂದಿಗೆ ಗಟ್ಟಿಯಾಗಿ ಬೆಸೆದುಕೊಂಡಿರುವುದರಿಂದ ಬಿಸಿಯಾದಾಗ ಅದು ಸುಲಭವಾಗಿ ಬಿಡುಗಡೆಯಾಗುವುದಿಲ್ಲ, ಹಾಗಾಗಿ ಉಳಿದ ಲಿಥಿಯಂ ಬಗೆಗಳಿಗಿಂತ ಇದು ಹೆಚ್ಚು ಸುರಕ್ಷಿತ. ಈ ವಸ್ತುವಿನ ಕುರಿತ ಪ್ರಬಂಧ 1997ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಜಾನ್ ಗುಡ್‌ಇನಫ್ ಅವರ ತಂಡದಿಂದ ಹೊರಬಂತು. 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಅವರೂ ಒಬ್ಬರು. ಆ ಪ್ರಬಂಧದ ಲೇಖಕರ ಸಾಲಿನಲ್ಲಿ ಪಾಧಿ, ನಂಜುಂಡಸ್ವಾಮಿ ಎಂಬ ಹೆಸರುಗಳನ್ನು ಓದಿದಾಗ ನನಗಾದ ಸಂತೋಷವನ್ನು ಇಲ್ಲಿ ಹೇಳದೆ ಇರಲಾರೆ.

ಸೆಲ್ ಕೊಳ್ಳುವ ಮೊದಲು ಬೈಕಿನ ರೆಗ್ಯುಲೇಟರನ್ನು ಪರೀಕ್ಷಿಸುವುದು ಕಡ್ಡಾಯ. ಇಂಜಿನ್ ಓಡುತ್ತಿರುವಾಗ ಬ್ಯಾಟರಿ ತುದಿಗಳಿಗೆ ಮಲ್ಟಿಮೀಟರ್ ಹಿಡಿದು, ಐಡ್ಲಿಂಗ್‌ನಲ್ಲೂ ಆಕ್ಸಿಲರೇಟರ್ ತಿರುಗಿಸಿಯೂ ನೋಡಬೇಕು. ನನ್ನದು 13.9ರಿಂದ 14.2ರ ನಡುವೆ ನಿಂತಿತು. 14.6 ದಾಟುವ ಬೈಕಿಗೆ ಮೊದಲು ರೆಗ್ಯುಲೇಟರ್ ಬದಲಿಸಬೇಕು, ಲಿಥಿಯಂ ವಿಚಾರ ಆಮೇಲೆ.

ನನ್ನ ಮೊದಲ ಬ್ಯಾಟರಿ ಸೋತಿತು. ಸೌರ ಬೀದಿದೀಪಗಳಲ್ಲಿ ಬಳಸುವ 32700 ಅಳತೆಯ, 6 ಎ.ಎಚ್. ಎಂದು ಬರೆದ ಎಂಟು ಸೆಲ್ಲುಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದು, ಎರಡೆರಡನ್ನು ಪಕ್ಕಪಕ್ಕ, ಅಂಥ ನಾಲ್ಕು ಜೋಡಿಗಳನ್ನು ಸಾಲಾಗಿ ಸೇರಿಸಿ 12 ಎ.ಎಚ್. ಬ್ಯಾಟರಿ ಮಾಡಿದೆ. ಸೆಲ್ಲುಗಳನ್ನು ನಿಕ್ಕಲ್ ಪಟ್ಟಿಯಿಂದ ಸ್ಪಾಟ್ ವೆಲ್ಡ್ ಮಾಡಿಸಿ, 40 ಆಂಪಿಯರಿನ ಬಿಎಂಎಸ್ (ಸೆಲ್ಲುಗಳು ಮಿತಿ ಮೀರಿದರೆ ಸಂಪರ್ಕ ಕಡಿಯುವ ರಕ್ಷಣಾ ಬೋರ್ಡ್) ಒಂದನ್ನು ಸೇರಿಸಿದೆ. ಮೀಟರಿನಲ್ಲಿ 13.3 ವೋಲ್ಟ್ ಕಂಡು ಖುಷಿಯಿಂದ ಸೆಲ್ಫ್ ಒತ್ತಿದಾಗ ಒಂದು ಸಲ ‘ಟಕ್’ ಎಂದಿತು. ನ್ಯೂಟ್ರಲ್ ದೀಪವೂ ಆರಿತು, ಹಾರನ್ನೂ ಇಲ್ಲ, ಬೈಕಿನಲ್ಲಿ ಬ್ಯಾಟರಿಯೇ ಇಲ್ಲವೇನೋ ಎಂಬಷ್ಟು ಮೌನ. ಸ್ಟಾರ್ಟರ್ ಮೋಟಾರ್ ತಿರುಗಲಾರಂಭಿಸುವ ಕ್ಷಣದಲ್ಲಿ ಎಳೆಯುವ ಕರೆಂಟನ್ನು ನಂತರ ಕ್ಲಾಂಪ್ ಮೀಟರಿನಲ್ಲಿ ಅಳೆದಾಗ 110 ಆಂಪಿಯರ್ ಬಂತು. 40 ಆಂಪಿಯರಿನ ಬಿಎಂಎಸ್ ಅದನ್ನು ಶಾರ್ಟ್ ಸರ್ಕ್ಯೂಟ್ ಎಂದು ತಿಳಿದು ಸಂಪರ್ಕ ಕಡಿದುಹಾಕಿತ್ತು. ಅದರ ತಪ್ಪೇನೂ ಇಲ್ಲ, ಅದು ತನ್ನ ಕೆಲಸವನ್ನೇ ಮಾಡಿತು. ಆದರೆ ಬೈಕು ಓಡುತ್ತಿರುವಾಗ ಬಿಎಂಎಸ್ ಹೀಗೆ ಕಡಿದರೆ ರೆಗ್ಯುಲೇಟರಿಗೆ ಬ್ಯಾಟರಿಯ ಆಸರೆ ತಪ್ಪಿ ವೋಲ್ಟೇಜ್ ಒಮ್ಮೆಲೇ ಚಿಮ್ಮುತ್ತದೆ, ಬಲ್ಬಿನಿಂದ ಹಿಡಿದು ಇಗ್ನಿಷನ್ ಘಟಕದವರೆಗೆ ಯಾವುದು ಬೇಕಾದರೂ ಸುಡಬಹುದು. ಆದ್ದರಿಂದ ಸ್ಟಾರ್ಟರಿನ ದಾರಿಯಲ್ಲಿ ಸಣ್ಣ ಬಿಎಂಎಸ್ ಇರಲೇಬಾರದು.

ಬಿಎಂಎಸ್ ಬಿಚ್ಚಿ ನೇರವಾಗಿ ಜೋಡಿಸಿದಾಗ ಇಂಜಿನ್ ತಿರುಗಿತು, ಆದರೆ ವೋಲ್ಟೇಜ್ 9.8ಕ್ಕೆ ಕುಸಿಯಿತು. ನಾಲ್ಕೈದು ಬಾರಿ ಸ್ಟಾರ್ಟ್ ಮಾಡಿ ಮುಚ್ಚಳ ತೆಗೆದು ನೋಡಿದರೆ ನಡುವಿನ ಪಟ್ಟಿಯೊಂದು ನೀಲಿ ಬಣ್ಣಕ್ಕೆ ತಿರುಗಿತ್ತು, ಬೆರಳಿಟ್ಟರೆ ಸುಡುತ್ತಿತ್ತು. ಅದರ ತುಂಡೊಂದನ್ನು ಕತ್ತರಿಸಿ, ಮೊಳೆಯಿಂದ ಗೀರಿ, ಉಪ್ಪುನೀರಿನ ಲೋಟದಲ್ಲಿ ರಾತ್ರಿಯಿಡೀ ನೆನೆಸಿದೆ. ಬೆಳಿಗ್ಗೆ ಗೀರಿನ ಗುಂಟ ಕೆಂಪು ತುಕ್ಕು ಎದ್ದಿತ್ತು. ಶುದ್ಧ ನಿಕ್ಕಲ್ ಎಂದು ಮಾರಿದ್ದು ನಿಕ್ಕಲ್ ಲೇಪಿಸಿದ ಕಬ್ಬಿಣವಾಗಿತ್ತು. ಶುದ್ಧ ನಿಕ್ಕಲ್ ಕೂಡ ತಾಮ್ರಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ತಡೆ ಒಡ್ಡುತ್ತದೆ. ಕಬ್ಬಿಣದ ಮಾತು ಇನ್ನೂ ದೂರ. ಸೆಲ್ಲುಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ 6 ಎ.ಎಚ್. ಎಂದು ಬರೆದವುಗಳಲ್ಲಿ ಮೂರು ಸೆಲ್ಲುಗಳು ನಾಲ್ಕೂಕಾಲು ಎ.ಎಚ್.ಗೇ ನಿಂತವು. ಮಾರಿದವರಿಗೆ ಫೋನ್ ಮಾಡಿದರೆ ಲಿಥಿಯಂ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದರು. ನನಗೆ ಬೇಸರವಾದದ್ದು ಹಣಕ್ಕಿಂತ ಹೆಚ್ಚಾಗಿ, ಇಂಥ ಸೆಲ್ಲುಗಳನ್ನು ನಂಬಿ ಯಾರೋ ರಾತ್ರಿ ಚಾರ್ಮಾಡಿ ಘಾಟಿಯಲ್ಲಿ ನಿಲ್ಲಬೇಕಾದೀತು ಎಂಬ ಯೋಚನೆಯಿಂದ. ಇನ್ನೊಂದು ವಿಷಯ: ಈ ಅಳತೆಯ ಸೆಲ್ಲುಗಳು ಸಾಮಾನ್ಯವಾಗಿ ತಮ್ಮ ಎ.ಎಚ್.ನ ಮೂರು ಪಟ್ಟು, ಅಂದರೆ 18 ಆಂಪಿಯರ್ ಕೊಡಲೆಂದು ಮಾಡಿದವು. ಅವು ರಾತ್ರಿಯಿಡೀ ದೀಪ ಉರಿಸುವ ಸೆಲ್ಲುಗಳು, ಎರಡು ಸೆಕೆಂಡು ಇಂಜಿನ್ ಎತ್ತುವ ಸೆಲ್ಲುಗಳಲ್ಲ.

ಎರಡನೆಯ ಬಾರಿ ಆಯ್ದುಕೊಂಡದ್ದು 38120 ಅಳತೆಯ, 8 ಎ.ಎಚ್.ನ, ಎರಡೂ ತುದಿಯಲ್ಲಿ ಬೋಲ್ಟ್ ಹಾಕಬಹುದಾದ ಸೆಲ್ಲುಗಳನ್ನು. ಇವುಗಳ ವ್ಯಾಸ 38 ಮಿ.ಮೀ.; ಕ್ಷಣಕಾಲಕ್ಕೆ ಎ.ಎಚ್.ನ ಇಪ್ಪತ್ತೈದು ಪಟ್ಟು, ಅಂದರೆ 200 ಆಂಪಿಯರ್ ಕೊಡಬಲ್ಲವು ಎಂಬುದು ತಯಾರಕರ ಮಾತು. ನಾಲ್ಕೇ ನಾಲ್ಕು ಸೆಲ್ ಸಾಕು. ವೆಲ್ಡಿಂಗ್ ಬೇಡ, ಬೆಸುಗೆಯೂ ಬೇಡ. ಸೆಲ್ಲಿನ ಮೇಲೆ ನೇರವಾಗಿ ಸೋಲ್ಡರಿಂಗ್ ಕಡ್ಡಿ ಇಡುವುದನ್ನು ಎಷ್ಟೋ ಜನ ಮಾಡುತ್ತಾರೆ. ಆ ಬಿಸಿ ಒಳಗಿನ ಪದರವನ್ನು ಕೆಡಿಸುತ್ತದೆ, ದಯವಿಟ್ಟು ಮಾಡಬೇಡಿ. ಕಂಪನಿಯ 14 ಎ.ಎಚ್. ಬ್ಯಾಟರಿ ಕೂರುವ ಜಾಗ ಸುಮಾರು 134 ಮಿ.ಮೀ. ಉದ್ದ, 89 ಅಗಲ, 166 ಎತ್ತರ. ಎರಡೆರಡರಂತೆ ನಿಲ್ಲಿಸಿದ ನಾಲ್ಕು ಸೆಲ್ಲುಗಳು ಅದರೊಳಗೆ ಕುಳಿತು, ಸುತ್ತ ಫೋಮ್ ತುಂಬಲು ಜಾಗವೂ ಉಳಿಯಿತು.

ಸೆಲ್ಲುಗಳು ಬಂದ ದಿನ ನಾಲ್ಕೂ 3.28 ಮತ್ತು 3.29ರ ನಡುವೆ ಇದ್ದವು. ಆದರೆ ಈ ರಸಾಯನದಲ್ಲಿ ವೋಲ್ಟೇಜ್ ನೋಡಿ ಚಾರ್ಜ್ ಅಳೆಯಲಾಗುವುದಿಲ್ಲ. ಕಾಲು ಭಾಗ ತುಂಬಿದ ಸೆಲ್ಲೂ ಮುಕ್ಕಾಲು ತುಂಬಿದ ಸೆಲ್ಲೂ ಬಹುಮಟ್ಟಿಗೆ ಒಂದೇ ಅಂಕಿ ತೋರಿಸುತ್ತವೆ. ಹಾಗಾಗಿ ಎಲ್ಲ ಧನ ತುದಿಗಳನ್ನು ಒಂದಕ್ಕೆ, ಎಲ್ಲ ಋಣ ತುದಿಗಳನ್ನು ಇನ್ನೊಂದಕ್ಕೆ ಸೇರಿಸಿ, ಪವರ್ ಸಪ್ಲೈಯನ್ನು 3.65 ವೋಲ್ಟಿಗೆ ನಿಲ್ಲಿಸಿ, ಕರೆಂಟು ಹೆಚ್ಚುಕಡಿಮೆ ಸೊನ್ನೆಗೆ ಇಳಿಯುವವರೆಗೆ ಬಿಟ್ಟೆ. ಬೆಳಿಗ್ಗೆ ಒಂಬತ್ತಕ್ಕೆ ಹಚ್ಚಿದ್ದು ಮಧ್ಯಾಹ್ನ ಮೂರೂವರೆಗೆ ಮುಗಿಯಿತು. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟವರ ಬ್ಯಾಟರಿಯಲ್ಲಿ ಒಂದು ಸೆಲ್ ಮುಂಚೆಯೇ ತುಂಬಿ ಮಿತಿ ಮೀರುತ್ತದೆ, ಇನ್ನೊಂದು ಎಂದೂ ಪೂರ್ತಿ ತುಂಬುವುದಿಲ್ಲ.

ಜೋಡಣೆಗೆ 20 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ತಾಮ್ರದ ಪಟ್ಟಿಯನ್ನು ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆಯಲ್ಲಿ ಕೊಂಡೆ. ರಂಧ್ರ ಕೊರೆದ ಮೇಲೆ ಅಂಚಿನ ಮುಳ್ಳುಗಳನ್ನು ಅರದಿಂದ ಉಜ್ಜಿ ಸಪಾಟು ಮಾಡಬೇಕು. ಮುಳ್ಳು ಉಳಿದರೆ ಪಟ್ಟಿ ಸೆಲ್ಲಿನ ಮುಖಕ್ಕೆ ಪೂರ್ತಿಯಾಗಿ ಅಂಟುವುದಿಲ್ಲ. ಬೋಲ್ಟುಗಳ ಕೆಳಗೆ ಸ್ಪ್ರಿಂಗ್ ವಾಷರ್ ಇರಲೇಬೇಕು, ಏಕೆಂದರೆ ಒಂಟಿ ಸಿಲಿಂಡರಿನ ಬುಲೆಟ್ಟಿನ ನಡುಕ ಯಾವ ನಟ್ಟನ್ನೂ ಸುಮ್ಮನೆ ಬಿಡುವುದಿಲ್ಲ. ದಪ್ಪ ವೈರುಗಳ ತುದಿಗೆ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆ) ಒತ್ತಿಸುವ ಕೆಲಸವನ್ನು ಪಂಪ್‌ಸೆಟ್ ಕೇಬಲ್ ಮಾರುವ ಅಂಗಡಿಯೊಂದರಲ್ಲಿ ಹೈಡ್ರಾಲಿಕ್ ಕ್ರಿಂಪರಿನಿಂದ ಮಾಡಿಸಿದೆ. ಎರಡು ಲಗ್ಗಿಗೆ ನಲವತ್ತು ರೂಪಾಯಿ ತೆಗೆದುಕೊಂಡರು. ಈ ಇಡೀ ಯೋಜನೆಯಲ್ಲಿ ಅತಿ ಕಡಿಮೆ ಖರ್ಚಿಗೆ ಅತಿ ಹೆಚ್ಚು ಪ್ರಯೋಜನ ಕೊಟ್ಟ ಸೇವೆ ಅದು. ಇಕ್ಕಳದಿಂದ ಚಪ್ಪಟೆ ಮಾಡಿದ ಲಗ್ಗಿಗೂ ಹಾಗೆ ಒತ್ತಿದ ಲಗ್ಗಿಗೂ ಇರುವ ವ್ಯತ್ಯಾಸ ಕೈಯಲ್ಲಿ ಎಳೆದು ನೋಡಿದರೇ ಗೊತ್ತಾಗುತ್ತದೆ.

ಜೋಡಿಸುವಾಗ ಉಂಗುರ, ವಾಚು, ಕೈಯ ಕಡಗ ತೆಗೆದಿಡಬೇಕು. ಸ್ಪ್ಯಾನರಿನ ಹಿಡಿಗೆ ಪೂರ್ತಿಯಾಗಿ ಇನ್ಸುಲೇಷನ್ ಟೇಪ್ ಸುತ್ತಬೇಕು. ಈ ಸೆಲ್ಲುಗಳ ತುದಿಗಳ ನಡುವೆ ಸ್ಪ್ಯಾನರ್ ಬಿದ್ದರೆ ಅದು ಅಲ್ಲೇ ಬೆಸೆದುಕೊಳ್ಳುತ್ತದೆ. ಬೈಕಿಗೆ ಕೂರಿಸುವಾಗ ಋಣ ವೈರನ್ನು ಕೊನೆಗೆ ಹಾಕಬೇಕು, ತೆಗೆಯುವಾಗ ಅದನ್ನೇ ಮೊದಲು ಬಿಚ್ಚಬೇಕು.

ಸೆಲ್ಲುಗಳ ಚಾರ್ಜನ್ನು ಸರಿಸಮ ಮಾಡುವ ಬ್ಯಾಲೆನ್ಸಿಂಗ್ ಬೋರ್ಡನ್ನು ನಾನು ಬೈಕಿನಲ್ಲಿ ಕಾಯಂ ಇಟ್ಟಿಲ್ಲ. ಸೆಲ್ಲುಗಳಿಂದ ಐದು ತೆಳು ವೈರುಗಳನ್ನು, ಪ್ರತಿಯೊಂದಕ್ಕೂ ಸಣ್ಣ ಫ್ಯೂಸ್ ಹಾಕಿ, ಪೆಟ್ಟಿಗೆಯ ಹೊರಗೆ ಒಂದು ಸಾಕೆಟ್ಟಿಗೆ ತಂದಿದ್ದೇನೆ. ಮೂರು ತಿಂಗಳಿಗೊಮ್ಮೆ ಅಳೆದು, ವ್ಯತ್ಯಾಸ ಕಂಡರೆ ಮಾತ್ರ ಮನೆಯಲ್ಲಿ ಬೋರ್ಡ್ ಜೋಡಿಸುತ್ತೇನೆ. ಈ ವ್ಯವಸ್ಥೆಯಲ್ಲಿ ಬ್ಯಾಟರಿ ತೀರ ಖಾಲಿಯಾಗುವುದನ್ನು ತಡೆಯುವವರು ಯಾರೂ ಇಲ್ಲ ಎಂಬ ಕೊರತೆಯನ್ನು ನಾನು ಒಪ್ಪಿಕೊಳ್ಳುತ್ತೇನೆ. ಒಂದು ಸೆಲ್ 2 ವೋಲ್ಟಿಗಿಂತ ಕೆಳಗೆ ಇಳಿದರೆ ಅದನ್ನು ಮತ್ತೆ ಚಾರ್ಜ್ ಮಾಡಿ ಬಳಸಬಾರದು. ಕೀ ಹಾಕಿ ಮರೆಯುವ ಅಭ್ಯಾಸವಿರುವವರು, ಬೈಕನ್ನು ಮನೆಮಂದಿಯೆಲ್ಲ ಹಂಚಿಕೊಳ್ಳುವವರು ನನ್ನ ಹಾದಿ ಹಿಡಿಯದೆ, 150 ಆಂಪಿಯರ್ ತಡೆದುಕೊಳ್ಳುವ ಬಿಎಂಎಸ್ ಇರುವ ಸಿದ್ಧ ಬ್ಯಾಟರಿಯನ್ನೇ ಕೊಳ್ಳುವುದು ಒಳಿತು.

ಫಲಿತಾಂಶ ಹೀಗಿದೆ. ಮೆಣಸು ತೂಗುವ ತಕ್ಕಡಿಯಲ್ಲಿ ಇಟ್ಟಾಗ ಹಳೆಯ ಸೀಸದ ಬ್ಯಾಟರಿ 4 ಕಿಲೋ 200 ಗ್ರಾಂ, ಹೊಸದು ಪೆಟ್ಟಿಗೆ ಸಮೇತ 1 ಕಿಲೋ 750 ಗ್ರಾಂ. ಸೆಲ್ಫ್ ಒತ್ತಿದಾಗ ಒಳ್ಳೆಯ ಸ್ಥಿತಿಯ ಸೀಸದ ಬ್ಯಾಟರಿ 10.3 ವೋಲ್ಟಿಗೆ ಇಳಿಯುತ್ತಿತ್ತು, ಇದು 11.5ರಲ್ಲಿ ನಿಲ್ಲುತ್ತದೆ. ಆ ಒಂದು ಚಿಲ್ಲರೆ ವೋಲ್ಟ್ ಕಿವಿಗೇ ಕೇಳಿಸುತ್ತದೆ. ‘ಗರ್… ಗರ್…’ ಎಂದು ಎಳೆಯುತ್ತಿದ್ದ ಮೋಟಾರ್ ಈಗ ಒಂದೇ ಉಸಿರಿಗೆ ಇಂಜಿನ್ ಎತ್ತುತ್ತದೆ. ಡಿಸೆಂಬರ್, ಜನವರಿಯ ಮುಂಜಾನೆ ಮಾತ್ರ ಮೊದಲ ಬಾರಿ ಸ್ವಲ್ಪ ಮಂಕಾಗಿರುತ್ತದೆ, ಚಳಿಗೆ ಸೆಲ್ಲಿನ ಒಳತಡೆ ಏರುವುದೇ ಕಾರಣ. ಅರ್ಧ ನಿಮಿಷ ಹೆಡ್‌ಲೈಟ್ ಉರಿಸಿ, ಆಮೇಲೆ ಸೆಲ್ಫ್ ಒತ್ತಿದರೆ ಯಾವ ತೊಂದರೆಯೂ ಇಲ್ಲ. ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಸೆಲ್ಲುಗಳನ್ನು ಚಾರ್ಜ್ ಮಾಡಬಾರದು ಎಂಬ ನಿಯಮ ಹಿಮಾಲಯಕ್ಕೆ ಹೊರಟವರಿಗೆ ಮುಖ್ಯ. ಮುಳ್ಳಯ್ಯನಗಿರಿಯ ತುದಿಗೆ ಹೋಗಿಬರುವ ನಮಗೆ ಆ ಚಿಂತೆಯಿಲ್ಲ.

ನಮ್ಮ ಕಡೆಯ ನಿಜವಾದ ಶತ್ರು ಚಳಿಯಲ್ಲ, ತೇವ. ಮೊದಲ ಮಳೆಗಾಲ ಮುಗಿದ ಸೆಪ್ಟೆಂಬರಿನಲ್ಲಿ ಸೆಲ್ಫ್ ದನಿ ಬದಲಾದಂತೆ ಅನ್ನಿಸಿತು. ಅಳೆದರೆ 10.4 ವೋಲ್ಟ್. ಸೆಲ್ಲುಗಳು ಬಿಡುವಿನಲ್ಲಿ 13.3 ತೋರಿಸುತ್ತಿದ್ದವು, ಅಂದರೆ ಅವು ಖಾಲಿಯಾಗಿರಲಿಲ್ಲ. ಆಗ ಮೀಟರಿನ ಒಂದು ಕಡ್ಡಿಯನ್ನು ಸೆಲ್ಲಿನ ಬೋಲ್ಟಿನ ತಲೆಗೂ ಇನ್ನೊಂದನ್ನು ಅದೇ ಬೋಲ್ಟ್ ಹಿಡಿದಿದ್ದ ತಾಮ್ರದ ಪಟ್ಟಿಗೂ ಹಿಡಿದು ತಮ್ಮನಿಂದ ಸೆಲ್ಫ್ ಒತ್ತಿಸಿದೆ. ಒಂದೇ ಲೋಹದಂತೆ ಇರಬೇಕಾದ ಆ ಎರಡು ಬಿಂದುಗಳ ನಡುವೆ 0.18 ವೋಲ್ಟ್ ಕಳೆದುಹೋಗುತ್ತಿತ್ತು. ಉಳಿದ ಜಾಯಿಂಟುಗಳಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಬಿಚ್ಚಿದಾಗ ಪಟ್ಟಿಯ ಕೆಳಮುಖದಲ್ಲಿ ಹಸಿರು ಕಿಲುಬು, ನಾವು ತಾಮ್ರದ ಹಂಡೆಯ ಅಂಚಿನಲ್ಲಿ ಕಾಣುವಂಥದ್ದೇ, ತೆಳ್ಳಗೆ ಹರಡಿತ್ತು. ಮರಳು ಕಾಗದದಿಂದ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ, ಬಿಗಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಬಳಿದೆ. ಅದೇ ಜಾಯಿಂಟು 0.03ಕ್ಕೆ ಇಳಿಯಿತು, ಸೆಲ್ಫ್ ಮತ್ತೆ 11.4ಕ್ಕೆ ಬಂತು. ಹೊಸ ಸೆಲ್ ಕೊಳ್ಳಲು ಕೈಯಲ್ಲಿ ಫೋನ್ ಹಿಡಿದಿದ್ದ ನನ್ನ ನಾಲ್ಕು ಸಾವಿರ ರೂಪಾಯಿ ಒಂದು ಚೂರು ಮರಳು ಕಾಗದದಲ್ಲಿ ಉಳಿಯಿತು. ಎರಡನೆಯ ಮಳೆಗಾಲಕ್ಕೆ ಮುಂಚೆ ಪಟ್ಟಿಗಳಿಗೆ ತವರದ ಲೇಪ ಮಾಡಿಸಿದೆ. ಈ ಬಾರಿ ಕಿಲುಬಿನ ಸುಳಿವಿಲ್ಲ. ಹೊಸದಾಗಿ ಕಟ್ಟುವವರು ಆರಂಭದಲ್ಲೇ ಲೇಪ ಮಾಡಿಸಿಕೊಳ್ಳಲಿ.

ನಿಂತ ಬೈಕಿನ ಲೆಕ್ಕವೂ ಇದೆ. ನನ್ನ ಬೈಕಿನ ಜಿಪಿಎಸ್ ಸಾಧನ ಸದಾ 5 ಮಿಲಿಆಂಪಿಯರ್ ಎಳೆಯುತ್ತದೆ. ಸಣ್ಣದೆನಿಸುತ್ತದೆ, ಆದರೆ ಮೂವತ್ತು ದಿನಕ್ಕೆ ಅದು 3.6 ಎ.ಎಚ್., ನನ್ನ ಬ್ಯಾಟರಿಯ ಹತ್ತಿರಹತ್ತಿರ ಅರ್ಧ. ಸೆಲ್ಲುಗಳು ತಾವಾಗಿ ಕಳೆದುಕೊಳ್ಳುವುದು ಬಹಳ ಕಡಿಮೆ. ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಿದ್ದರೆ ನಾನು ಋಣ ಲಗ್ ಬಿಚ್ಚಿಡುತ್ತೇನೆ. ಅಂಗಡಿಗಳಲ್ಲಿ ಸೀಸದ ಬ್ಯಾಟರಿಗೆ ಬಳಸುವ, ಸಲ್ಫೇಟ್ ಕರಗಿಸಲು 15 ವೋಲ್ಟಿಗೂ ಮೇಲೆ ಹೊಡೆಯುವ ಚಾರ್ಜರುಗಳಿಗೆ ಇದನ್ನು ಕೊಡಲೇಬಾರದು.

ಖರ್ಚಿನ ವಿಚಾರದಲ್ಲಿ ಯಾರಿಗೂ ತಪ್ಪು ಆಸೆ ಹುಟ್ಟಿಸಲಾರೆ. ನಾಲ್ಕು ಸೆಲ್, ತಾಮ್ರ, ಪೆಟ್ಟಿಗೆ, ಬೋರ್ಡ್, ಫ್ಯೂಸ್ ಎಲ್ಲ ಸೇರಿ ನನಗೆ ತಗುಲಿದ್ದು 5,300 ರೂಪಾಯಿ, ಸೋತ ಮೊದಲ ಬ್ಯಾಟರಿಯದು ಬೇರೆ. ಅದೇ ಹೊತ್ತಿಗೆ ಹೊಸ ಸೀಸದ ಬ್ಯಾಟರಿಗೆ ಅಂಗಡಿಯವರು ಹೇಳಿದ್ದು 2,900. ದಿನವೂ ಬೈಕ್ ಓಡಿಸುವವರಿಗೆ, ಪೇಟೆಯಲ್ಲಿ ಇರುವವರಿಗೆ, ವಾರಂಟಿ ಇನ್ನೂ ಉಳಿದಿರುವ ಬೈಕಿನವರಿಗೆ ಇದನ್ನು ನಾನು ಸಲಹೆ ಮಾಡುವುದಿಲ್ಲ. ಸೀಸದ ಬ್ಯಾಟರಿಯೇ ಅವರಿಗೆ ಸಾಕು. ಕಿಕ್ಕರ್ ಇಲ್ಲದ ಹೊಸ ಬೈಕುಗಳಲ್ಲಿ ಮೊದಲ ಪ್ರಯೋಗ ಮಾಡುವುದಂತೂ ಬೇಡವೇ ಬೇಡ. ತೋಟದ ಮನೆಗಳಲ್ಲಿ ಬೈಕನ್ನು ವಾರಗಟ್ಟಲೆ ನಿಲ್ಲಿಸಬೇಕಾದವರು, ಮಲ್ಟಿಮೀಟರ್ ಹಿಡಿಯಲು ಬಲ್ಲವರು, ವರ್ಷಕ್ಕೆರಡು ಬಾರಿ ಬ್ಯಾಟರಿ ಪೆಟ್ಟಿಗೆ ಬಿಚ್ಚಿ ಜಾಯಿಂಟು ನೋಡುವ ತಾಳ್ಮೆಯುಳ್ಳವರು ಧೈರ್ಯವಾಗಿ ಕಟ್ಟಬಹುದು.

ಕಳೆದ ಭಾನುವಾರ ಅಳೆದಾಗ, ಪೂರ್ತಿ ಚಾರ್ಜಿನಲ್ಲಿ ನಾಲ್ಕು ಸೆಲ್ಲುಗಳ ನಡುವಿನ ವ್ಯತ್ಯಾಸ ಕೇವಲ 12 ಮಿಲಿವೋಲ್ಟ್ ಇತ್ತು. ಮೊದಲ ಬ್ಯಾಟರಿಯ ಎಂಟು ಸೆಲ್ಲುಗಳಲ್ಲಿ ಚೆನ್ನಾಗಿದ್ದ ನಾಲ್ಕನ್ನು ಆರಿಸಿ, ಅದೇ 40 ಆಂಪಿಯರಿನ ಬಿಎಂಎಸ್ ಜೊತೆಗೆ, ಕಾಫಿ ಒಣಗಿಸುವ ಕಣದ ಸೌರ ದೀಪಕ್ಕೆ ಜೋಡಿಸಿದ್ದೇನೆ. ಅಲ್ಲಿ ಅವು ಕೊಡಬೇಕಾದದ್ದು ಒಂದು ಆಂಪಿಯರಿಗೂ ಕಡಿಮೆ, ಕೊಯ್ಲಿನ ದಿನಗಳಲ್ಲಿ ದೀಪ ಬೆಳಗಿನವರೆಗೂ ಉರಿಯುತ್ತದೆ.